ಚಳಿ ಬೀರಿನಾಗ ಭತ್ತದ ಸಸಿ

ಕಂಪ್ಲಿ ರಸ್ತಿಗೆ ಕಾಲುವಿ ದಂಡಿಮ್ಯಾಲ ಭತ್ತದ ತಳಿ ಪರೀಕ್ಷೆ ಮಾಡೋ ಒಂದು ಸರ್ಕಾರಿ ಫಾರ್ಮು ಇತ್ತು. ಎಂಬತ್ತರ ದಶಕದಾಗ ನಾನೂ ನನ್ ಹೆಂಡ್ತೀನೂ ಅಲ್ಲಿ ದಿನಗೂಲಿಗೆ ಸೇರ್ಕೊಂಡ್ವಿ. ಬಸ್ಸಿನ ಬೋರ್ಡು ಓದಾಕ ಬರ್ತಿತ್ತು, ಅರ್ಜಿ ಬರಿಯಾಕ ಬರ್ತಿದ್ದಿಲ್ಲ, ಅಷ್ಟೇ ಆಗ ನನ್ ಸಾಲಿ. ಮೊದ್ಲು ಬದು ಕಡಿಯೋ ಕೆಲ್ಸ ಕೊಟ್ರು. ಆಮ್ಯಾಲ ಒಂದು ಖೋಲಿ ನೋಡ್ಕೊಳ್ಳಾಕ ಹಾಕಿದ್ರು.

ಆ ಖೋಲ್ಯಾಗ ಒಂದು ದೊಡ್ಡ ಬೀರು. ಬಟ್ಟಿ ಇಡೋ ಬೀರಿಗಿಂತ ಭಾಳ ಅಗಲ, ಬಾಗ್ಲಕ್ಕ ಗಾಜು, ಒಳಗ ಸಾಲಾಗಿ ಟ್ಯೂಬ್ ಲೈಟು, ಹಿಂದ ಫ್ರಿಡ್ಜಿನಂಗ ಗುರ್ ಅನ್ನೋ ಮಷಿನ್ನು. ಎಷ್ಟು ಚಳಿ ಬೇಕು, ಎಷ್ಟೊತ್ತು ಬೆಳಕು ಬೇಕು ಅಂತ ಹೊರಗ ಗುಂಡಿ ತಿರುವಿದ್ರ ಒಳಗ ಹಂಗ ಆಗೋದು. ಸಾಹೇಬ್ರು ಅದಕ್ಕೊಂದು ಇಂಗ್ಲೀಷ್ ಹೆಸರು ಹೇಳ್ತಿದ್ರು. ಕೆಲ್ಸದೋರು ನಾವು ಚಳಿ ಬೀರು ಅಂತಿದ್ವಿ.

ಹೊರಗ ಬ್ಯಾಸಿಗಿ ಬಿಸ್ಲು ಉರಿಯೋ ಹೊತ್ತಿಗೆ ರೈತ್ರು ಅದನ್ನ ನೋಡಾಕಂತಾನ ಬರೋರು. ಬುಕ್ಕಸಾಗರದ ಒಬ್ರು ಹಿರೇರು ಬಾಗ್ಲಾ ತೆಗಿಸಿ ಕೈ ಒಳಗ ಇಟ್ಟು, "ಏ, ಇಲ್ಲಿ ಸಂಕ್ರಾಂತಿ ಐತಲ್ಲೋ! ನನ್ನ ಒಂದ್ ತಾಸು ಒಳಗ ಕುಂದ್ರಸ್ರಿ, ನಿಮಗ ಪುಣ್ಯ ಬರ್ತೈತಿ" ಅಂದ್ರು. ಅವರ ಜೋಡಿ ಬಂದಿದ್ದ ಬೀಗ್ರು, "ನೀವು ಕುಂತ್ರೂ ನಿಮ್ ಹೊಟ್ಟಿ ಹೊರಗ ಉಳಿತೈತಿ ಬರ್ರಿ" ಅಂದ್ರು.

ಆ ಬೀರು ಯಾಕ ಬೇಕಾತು ಅಂದ್ರ, ಕಾಲುವಿ ನೀರು ಬಂದ್ಮ್ಯಾಲ ನಮ್ ಕಡೆ ವರ್ಷಕ್ಕ ಎರಡು ಬೆಳಿ. ಎರಡನೇ ಬೆಳಿಗೆ ಸಸಿ ಮಡಿ ಹಾಕೋದು ಚಳಿಗಾಲದಾಗ. ಚಳಿ ಜೋರಾದ್ರ ಸಸಿ ಹಳದಿ ತಿರುಗಿ, ತುದಿ ಸುಟ್ಟು, ನಾಟಿಗೆ ಬರೋದ್ರಾಗ ಸತ್ತೇ ಹೋಗೋವು. ಆಗ ಒಂದು ಹೊಸ ಸಣ್ಣಕ್ಕಿ ತಳಿ ಬಂದಿತ್ತು. ಮಿಲ್ಲಿನೋರು ಅದಕ್ಕ ಮುಗಿಬಿದ್ದಿದ್ರು. ಅದು ಚಳಿ ತಡಿತೈತೋ ಇಲ್ಲೋ ನೋಡಾಕ ಮೈಸೂರು ಕಡಿಂದ ಒಬ್ರು ಮೇಡಂ ಬಂದಿದ್ರು. ವಯಸ್ಸಿನಾಗ ನನಗಿಂತ ಸಣ್ಣೋರು. ಆದ್ರೂ ನಮಗ "ಬನ್ನಿ, ಕೂತ್ಕೊಳ್ಳಿ" ಅನ್ನೋರು. ಬೀರಿನಾಗ ಒಂದು ಕಡಿ ಸಣ್ಣಕ್ಕಿ ಸಸಿ, ಇನ್ನೊಂದು ಕಡಿ ಹಳೇ ದಪ್ಪಕ್ಕಿ ಸಸಿ ಇಟ್ಟು, ಒಳಗ ಚಳಿಗಾಲ ಮಾಡಿದ್ರು. ಯಾವುದು ನಿಲ್ತೈತೋ ಆ ಬೀಜ ರೈತ್ರಿಗೆ ಕೊಡೋದು ಅಂತ ಆಗಿತ್ತು.

ನನ್ ಹೆಂಡ್ತಿ ಸಣ್ಣಾಕಿ ಇದ್ದಾಗಿಂದ ನಾಟಿ ಹಚ್ಚಿದಾಕಿ. ಅಕಿಗೆ ನೀರು ಹಾಕೋ ಕೆಲ್ಸ ಕೊಟ್ಟಿದ್ರು. ಸಸಿ ಎಷ್ಟು ತಣ್ಣಗೈತೋ ನೀರೂ ಅಷ್ಟೇ ತಣ್ಣಗಿರ್ಬೇಕಂತ ಬಕೀಟು ಬೀರಿನೊಳಗ ಇಟ್ಟಿದ್ರು. ಅದ್ರಾಗಿಂದ ತಗದು ಹಾಕಬೇಕು.

ದಿನ ಕಳದಂಗ ಎರಡೂ ಕಡೀ ಸಸಿ ಹಸರಾಗೇ ನಿಂತ್ವು. ಮೇಡಂ ಖುಷಿಗೆ ಎಲ್ಲಾರಿಗೂ ಚಾ, ಮಿರ್ಚಿ ಭಜಿ ತರಿಸಿದ್ರು. ಬುಕ್ಕಸಾಗರದ ಹಿರೇರು ಬಂದಾಗ ಮೇಡಂ, "ಸಣ್ಣಕ್ಕಿ ಗಟ್ಟಿಯಾಗಿದೆ. ಧೈರ್ಯವಾಗಿ ಹಾಕಿ" ಅಂದ್ರು.

"ಹಂಗಾರ ಇದ್ದಬದ್ದ ಗದ್ದಿಗೆಲ್ಲ ಇದನ್ನ ಹಾಕ್ತೀನ್ರಿ ಅಕ್ಕಾರ" ಅಂತ ಅವರು ಹೋದ್ರು.

ಕಸ ಹೊಡಿತಿದ್ದ ನನ್ ಹೆಂಡ್ತಿ ಕಸಬರಿಗಿ ಕೆಳಗಿಟ್ಲು.

"ಅಕ್ಕಾರ, ಆ ಬೀಜ ಅವರಿಗೆ ಕೊಡಬ್ಯಾಡ್ರಿ."

"ಯಾಕಮ್ಮ?"

"ನಾನು ಬಕೀಟಿನ ನೀರು ಹಾಕಿಲ್ರಿ. ಐಸ್ ಇದ್ದಂಗ ಇತ್ತು. ಎಳಿ ಸಸಿ, ತುದಿ ಹಳದಿ ಆಗಾಕ ಹತ್ತಿದ್ವು, ನೋಡಾಕ ಆಗ್ಲಿಲ್ಲ. ಚಾ ಒಲಿಮ್ಯಾಲ ನೀರು ಕಾಸಿ, ಉಗುರು ಬೆಚ್ಚಗ ಮಾಡಿ ಹಾಕಿದೆ."

"ಯಾವತ್ತು?"

"ದಿನಾ ರೀ."

ನನಗೂ ಆಗ್ಲೇ ಗೊತ್ತಾಗಿದ್ದು. ಇಬ್ರ ಕೂಲೀನೂ ಇವತ್ತಿಗೆ ಮುಗೀತು ಅನ್ಕಂಡೆ. ಮೇಡಂ ಸ್ಟೂಲಿನ ಮ್ಯಾಲ ಕುಂತು, ಎರಡೂ ಕೈಯಾಗ ಮುಖ ಮುಚ್ಕೊಂಡ್ರು. ಹೆಗಲು ಅಲಗಾಡಾಕ ಹತ್ತಿತು. ಅಳ್ತಾರ ಅಂತ ನಾನು ನಾಲ್ಕು ಹೆಜ್ಜಿ ಹಿಂದ ಸರದೆ. ಕೈ ತಗದ್ರ ನಗ್ತಿದ್ರು, ಕಣ್ಣಾಗ ನೀರೂ ಇತ್ತು.

"ಸಸಿಗೆ ಚಳಿ ಹತ್ತಿಸೋಕೆ ಎಷ್ಟು ಆಫೀಸು ಅಲೆದು ಈ ಮಷಿನ್ ತರಿಸಿದೀನಿ ಗೊತ್ತಾ? ನೀವು ಒಳಗೆ ಬಾಣಂತಿ ಸ್ನಾನ ಮಾಡಿಸ್ತಾ ಇದ್ರಿ!"

ನನ್ ಹೆಂಡ್ತಿ ನಗ್ಲಿಲ್ಲ. "ಸಾಯ್ತಾವೋ ಇಲ್ಲೋ ನೋಡಾಕ ಇಟ್ಟೀವಿ ಅಂತ ನನಗ ಯಾರು ಹೇಳಿದ್ರಿ, ಅಕ್ಕಾರ? ನೀರು ಹಾಕು ಅಂದ್ರಿ, ಹಾಕಿದೆ."

ಮೇಡಂ ನಗು ನಿಲ್ಲಿಸಿದ್ರು. "ಯಾರೂ ಹೇಳಲಿಲ್ಲ. ನಾನು ಹೇಳಬೇಕಿತ್ತು" ಅಂದ್ರು. ಆಮ್ಯಾಲ ನಮ್ಮಿಬ್ರನ್ನೂ ಕುಂದ್ರಿಸಿ, ಇಲ್ಲಿ ನಾಲ್ಕು ಸಸಿ ಸತ್ರ ಅಲ್ಲಿ ಯಾರ ಮಡಿ ಉಳಿತೈತಿ ಅನ್ನೋದನ್ನ ಮೊದ್ಲಿಂದ ಹೇಳಿದ್ರು. ಇಷ್ಟು ದಿನ ಆ ಗುಂಡಿ ತಿರುವಿದ್ದ ನನಗೂ ಅವತ್ತೇ ಅದು ತಿಳದದ್ದು.

ಮತ್ತ ಹೊಸದಾಗಿ ಬೀಜ ಹಾಕಿದ್ರು. "ಈ ಸಲ ನೀರು ನಾನು ಹಾಕ್ತೀನ್ರಿ" ಅಂದೆ.

"ಬೇಡ. ಅವರೇ ಹಾಕಲಿ" ಅಂದ್ರು ಮೇಡಂ.

ನನ್ ಹೆಂಡ್ತಿ ಹಾಕಿದ್ಲು, ಬಕೀಟಿನ ನೀರನ್ನೇ. ಸಣ್ಣಕ್ಕಿ ಸಸಿ ಸುರುಳಿ ಸುತ್ತಿ, ಬೆಳ್ಳಗಾಗಿ, ಮಲಗಿಬಿಟ್ವು. ದಪ್ಪಕ್ಕಿ ನಿಂತ್ವು. ಆ ದಿನಗಳಾಗ ಅಕಿ ಮನ್ಯಾಗ ಸರಿಯಾಗಿ ಉಣ್ಲಿಲ್ಲ. "ಕೂಸು ಅಳಾಕ ಬಿಟ್ಟು ಬಂದಂಗ ಆಗ್ತೈತಿ" ಅಂತಿದ್ಲು.

ರೈತ್ರ ಸಭಿ ಆತು. ಬೇವಿನ ಗಿಡದ ಕೆಳಗ ಜಮಖಾನಿ ಹಾಸಿ ಎಲ್ಲಾರ್ನೂ ಕುಂದ್ರಿಸಿದ್ವಿ. ಮಿಲ್ಲಿನೋರು, ಸಾಹೇಬ್ರು ಎಲ್ಲಾ ಇದ್ರು. ಮೇಡಂ ಎದ್ದು, ಸಣ್ಣಕ್ಕಿ ಚಳಿಗಾಲದ ಮಡಿಗೆ ಬ್ಯಾಡ ಅಂದ್ರು. ಬುಕ್ಕಸಾಗರದ ಹಿರೇರು ಅಲ್ಲೇ ಹಿಡಕೊಂಡ್ರು.

"ಅವತ್ತು ಹಾಕು ಅಂದ್ರಿ, ಇವತ್ತು ಬ್ಯಾಡ ಅಂತೀರಿ. ನಿಮ್ ಬೀರಿಗೆ ತಲಿ ಕೆಟ್ಟೈತೇನ್ರಿ?"

ಎಲ್ಲಾರೂ ನಕ್ರು. ಹಿಂದ ನಿಂತಿದ್ದ ನನ್ ಹೆಂಡ್ತಿ ಸೆರಗು ಬಾಯಿಗೆ ಒತ್ತಿ ಹಿಡಿದ್ಲು.

"ಬೀರು ಸರಿಯಾಗಿದೆ. ಮೊದಲು ಹೇಳಿದ್ದು ತಪ್ಪಾಗಿತ್ತು, ತಪ್ಪು ನಂದು" ಅಂದ್ರು ಮೇಡಂ. "ನಮ್ಮಲ್ಲಿ ಕೆಲಸ ಮಾಡೋರೇ ಒಬ್ಬರು ಹೇಳಿದ್ರಿಂದ ನನಗೆ ತಿಳೀತು. ಅವರು ಸುಮ್ಮನಿದ್ದಿದ್ರೆ ನಿಮ್ಮ ಮಡಿ ಹೋಗ್ತಿತ್ತು." ನೀರಿನ ಸುದ್ದಿ ಎತ್ತಲಿಲ್ಲ, ನಮ್ ಕಡಿ ತಿರುಗಿ ಸುದ್ದಾ ನೋಡ್ಲಿಲ್ಲ.

ಹಿರೇರು ಗೊಣಗಿದ್ರು. ಆದ್ರೂ ಹೋಗೋವಾಗ ದಪ್ಪಕ್ಕಿ ಬೀಜಕ್ಕ ತಮ್ ಹೆಸರು ಬರಸಿ ಹೋದ್ರು.

ಓದಿದೋರು ಅಷ್ಟು ಮಂದಿ ಮುಂದ "ತಪ್ಪು ನಂದು" ಅನ್ನೋದನ್ನ ನಾನು ಅಲ್ಲಿತನ ಕಂಡಿದ್ದಿಲ್ಲ. ಓದಿದ್ರ ತಪ್ಪೇ ಆಗಂಗಿಲ್ಲ ಅನ್ಕಂಡಿದ್ದೆ. ನನಗ ಇನ್ನ ಓದು ಹತ್ತಂಗಿಲ್ಲ ಅಂತ ದೂರ ಉಳದದ್ದೂ ಅದಕ್ಕೇ ಇರ್ಬೇಕು. ಮುಂದಿನ ವರ್ಷ ಕಂಪ್ಲ್ಯಾಗ ಟ್ಯುಟೋರಿಯಲ್ಲಿಗೆ ಸೇರಿ ಹತ್ತನೇತ್ತ ಪರೀಕ್ಷೆ ಕಟ್ಟಿದೆ. ನನ್ ಹೆಂಡ್ತಿ ಆ ಫಾರ್ಮಿನಾಗ ಭಾಳ ವರ್ಷ ದುಡಿದ್ಲು. ಮೇಡಂ ವರ್ಗ ಆಗಿ ಹೋಗೋ ದಿನ ನಾವಿಬ್ರೂ ಬಸ್ಸಿಗೆ ಸಾಮಾನು ಏರಿಸಿದ್ವಿ, ಒಂದು ಮಾತೂ ಆಡಾಕ ಆಗ್ಲಿಲ್ಲ. ಅವತ್ತು ಆಡದ ಮಾತು ಈಗ ಇಲ್ಲಿ ಬರದೀನಿ.

ಟ್ಯುಟೋರಿಯಲ್ಲಿನಾಗ ಮೊದಲ್ನೇ ವಾರ ಮಾಸ್ತರು ನನ್ನ ಎಬ್ಬಿಸಿ ಒಂದು ಲೆಕ್ಕ ಕೇಳಿದ್ರು. ಹೇಳಿದೆ. ಮುಂದಿನ ಬೆಂಚಿನ ಹುಡುಗ್ರು ಕಿಸಕ್ ಅಂತ ನಕ್ರು.

"ತಪ್ಪಾತ್ರಿ ಸರ್, ಇನ್ನೊಮ್ಮಿ ಮಾಡ್ತೀನಿ" ಅಂದು ಅಲ್ಲೇ ನಿಂತ್ಕೊಂಡೆ.