ಮಾಂಯ್ ಅವರ ಮುಗಿಯದ ಮಂಗಳವಾರ

ಕಳೆದ ಸೋಮವಾರ ಸಂಜೆ ನಾನು ಅಡುಗೆಮನೆಯಲ್ಲಿ ನಿಂತೇ ನನ್ನ ಅತ್ತೆಯ ಪ್ರಾರ್ಥನೆಯನ್ನು ತಿದ್ದಿದೆ. ಕೆಂಪು ಶಾಯಿಯ ಪೆನ್ನಿನ ಬದಲು ಕೈಯಲ್ಲಿ ಸೌಟು ಇತ್ತು, ಅಷ್ಟೇ.

ಏನು ಮಾಡಲಿ ಹೇಳಿ? ಉಡುಪಿಯ ಶಾಲೆಯಲ್ಲಿ ದಿನವಿಡೀ ಮಕ್ಕಳ ತಪ್ಪು ಹುಡುಕಿ, ಕಾಪುವಿನ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಮನೆಗೆ ಬರುವವಳು ನಾನು. ಮನೆಗೆ ಬಂದ ಮೇಲೂ ಆ ಚಾಳಿ ಹೋಗುವುದಿಲ್ಲ. (ನನ್ನ ಯಜಮಾನರು ಇದನ್ನು ಹನ್ನೆರಡು ವರ್ಷ ಸಹಿಸಿಕೊಂಡರು. ಸ್ವರ್ಗಕ್ಕೆ ಅವರಿಗೆ ನೇರ ಟಿಕೆಟ್ ಸಿಕ್ಕಿದ್ದರೆ ಅದರಲ್ಲಿ ನನ್ನ ಪಾಲೂ ಉಂಟು.)

ನಮ್ಮದು ಕೊಂಕಣಿ ಕ್ರೈಸ್ತರ ಮನೆ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಜೆ ಗಂಟೆ ಆಯಿತೆಂದರೆ ದೀಪ ಹಚ್ಚಿ, ಮನೆಯವರೆಲ್ಲ ಮೊಣಕಾಲೂರಿ ತೇರ್ಸ್ ಹೇಳಬೇಕು. ತೇರ್ಸ್ ಅಂದರೆ ಜಪಮಾಲೆಯ ಪ್ರಾರ್ಥನೆ. ಏಸುವಿನ ಮತ್ತು ತಾಯಿ ಮರಿಯಳ ಬದುಕಿನ ಘಟನೆಗಳನ್ನು ನೆನೆಯುತ್ತ ಮಣಿ ಎಣಿಸುವುದು. ಆ ಘಟನೆಗಳನ್ನು ನಾವು ರಹಸ್ಯ ಎನ್ನುತ್ತೇವೆ. ದಿನಕ್ಕೆ ಐದು ರಹಸ್ಯ, ಒಂದೊಂದಕ್ಕೆ ಹತ್ತು ಮಣಿ. ಅದಕ್ಕೊಂದು ಟೈಮ್‌ಟೇಬಲ್ ಇದೆ. ಸೋಮವಾರ, ಗುರುವಾರ ಸಂತೋಷದ ರಹಸ್ಯ. ಮಂಗಳವಾರ, ಶುಕ್ರವಾರ ದುಃಖದ್ದು, ಅಂದರೆ ಚಾಟಿಯೇಟಿನಿಂದ ಶಿಲುಬೆಯವರೆಗಿನದು. ಬುಧವಾರ, ಶನಿವಾರ, ಭಾನುವಾರ ಮಹಿಮೆಯದು, ಅಂದರೆ ಸತ್ತವನು ಎದ್ದುಬಂದದ್ದು. ಟೀಚರ್ ಒಬ್ಬಳಿಗೆ ಇದಕ್ಕಿಂತ ಒಗ್ಗುವ ಭಕ್ತಿ ಬೇರೆ ಬೇಕೆ?

ಒಗ್ಗಿತ್ತು, ಹದಿನಾಲ್ಕು ತಿಂಗಳ ಹಿಂದಿನವರೆಗೆ.

ಆಗ ನನ್ನ ಯಜಮಾನರು ವಿಕ್ಟರ್ ಜ್ವರ ಬಂದು ಮೂರನೆಯ ದಿನಕ್ಕೆ ಹೋಗಿಬಿಟ್ಟರು. ನಾನು ಸುಮ್ಮನೆ ಕೂತಿದ್ದೆನೆ? ಮೇಣದಬತ್ತಿ ಉರಿಸಿದೆ. ಇವರು ಎದ್ದು ಕೂತರೆ ಕಾರ್ಕಳದವರೆಗೆ ಬರಿಗಾಲಲ್ಲಿ ನಡೆದು ಅಲ್ಲಿನ ಸಂತರಿಗೆ ಕೈಮುಗಿಯುತ್ತೇನೆಂದು ಹರಕೆ ಹೊತ್ತೆ. (ಕಾಪುವಿನಿಂದ ಕಾರ್ಕಳ ಎಷ್ಟು ದೂರವೆಂದು ಬಲ್ಲವರಿಗೆ ನನ್ನ ಗಾಬರಿ ಅರ್ಥವಾದೀತು.) ದೇವರು ಕೇಳಲಿಲ್ಲ.

ಸಮಾಧಾನ ಹೇಳಲು ಬಂದವರೊಬ್ಬರು, "ದೇವರು ತನಗೆ ಬೇಕಾದವರನ್ನು ಬೇಗ ಕರೆದುಕೊಳ್ಳುತ್ತಾನೆ ಲಿಲ್ಲಿ" ಎಂದರು. ಹಾಗಾದರೆ ನಿಧಾನಕ್ಕೆ ಹೋಗುವವರು ಬೇಡವಾದವರೇ? ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದವರಿಗೆ ಎಂಬತ್ತೆರಡು ವರ್ಷ.

ಏಳನೆಯ ದಿನದ ಪೂಜೆ ಮುಗಿದ ಸಂಜೆ, ಗಂಟೆ ಹೊಡೆದದ್ದೇ ನಾನು ಎದ್ದು ಅಡುಗೆಮನೆಗೆ ಹೋದೆ. "ಗಂಜಿ ಉಕ್ಕುತ್ತದೆ ಮಾಂಯ್, ನೀವು ಹೇಳಿ" ಎಂದೆ. ಮಾಂಯ್ ಅಂದರೆ ನಮ್ಮಲ್ಲಿ ಅತ್ತೆ. ಅವರು ಒಬ್ಬರೇ ಜಪಮಾಲೆ ಎತ್ತಿಕೊಂಡರು. ಅಂದಿನಿಂದ ನಮ್ಮ ಮನೆಯ ಗಂಜಿ ದಿನಾ ಸರಿಯಾಗಿ ತೇರ್ಸಿನ ಹೊತ್ತಿಗೇ ಉಕ್ಕಲು ಕಲಿಯಿತು.

ಭಾನುವಾರ ಇಗರ್ಜಿಗೆ ಹೋಗುತ್ತಿದ್ದೆ, ಊರಿನವರ ಬಾಯಿಗೆ ಹೆದರಿ. ಪೂಜೆ ಹೇಗೂ ಲ್ಯಾಟಿನ್ ಭಾಷೆಯಲ್ಲಿ. ತುಟಿ ಅಲ್ಲಾಡಿಸಿದರೆ ಸಾಕು. ಒಂದೇ ಸೂರಿನಡಿ ಇದ್ದು ಮಾತು ಬಿಟ್ಟ ಓರಗಿತ್ತಿಯರಿರುತ್ತಾರಲ್ಲ, ದೇವರಿಗೂ ನನಗೂ ಹಾಗೆ ಆಗಿತ್ತು.

ಹೀಗಿರುವಾಗ ಗಿರಿಜಕ್ಕ ಬಾಯಿ ಬಿಟ್ಟರು. ಗಿರಿಜಕ್ಕ ಮೀನು ಮಾರುವವರು. ವ್ಯಾಪಾರ ಮುಗಿಸಿ ಮನೆಗೆ ಹೋಗುವಾಗ ಉಳಿದ ಬೂತಾಯಿ ಮೀನನ್ನು ನಮಗೆ ಕೊಡಲು ಬರುತ್ತಾರೆ. ತೇರ್ಸ್ ಮುಗಿಯುವವರೆಗೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾರೆ. ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ನಮ್ಮ ಪ್ರಾರ್ಥನೆ ಅವರಿಗೆ ಬಾಯಿಪಾಠ.

"ಟೀಚರಮ್ಮ, ಒಂದು ಕೇಳಲಾ?" ಎಂದರು ಹೋದ ಶುಕ್ರವಾರ. "ಮೊದಲು ನಿಮ್ಮಲ್ಲಿ ಒಂದು ದಿನ ಮಗು ಹುಟ್ಟುವ ಕತೆ, ಒಂದು ದಿನ ಹೊಡೆಯುವ ಕತೆ, ಒಂದು ದಿನ ಎದ್ದು ಬರುವ ಕತೆ ಇತ್ತು. ಈಗ ಎಂತ, ದಿನಾ ಹೊಡೆಯುವುದೇ? ಪಾಪ, ಆ ಮನುಷ್ಯನಿಗೆ ಒಂದು ದಿನವೂ ರಜೆ ಇಲ್ವಾ?"

ನನಗೆ ನಗು ಬಂತು. ಆಮೇಲೆ ಕಿವಿಗೊಟ್ಟೆ. ಶನಿವಾರ ಚಾಟಿಯೇಟು, ಮುಳ್ಳಿನ ಕಿರೀಟ, ಶಿಲುಬೆ. ಭಾನುವಾರವೂ ಅದೇ. ಇಷ್ಟು ದಿನ ನನ್ನ ಕಿವಿ ಎಲ್ಲಿತ್ತು? ಸೋಮವಾರವೂ ಚಾಟಿ ಶುರುವಾದಾಗ ನನ್ನಿಂದ ತಡೆಯಲಾಗಲಿಲ್ಲ.

"ಮಾಂಯ್, ಇವತ್ತು ಸೋಮವಾರ. ಸಂತೋಷದ ರಹಸ್ಯ."

ಜಪ ನಿಂತಿತು. "ನನಗೆ ಗೊತ್ತುಂಟು" ಎಂದರು ಮಾಂಯ್. ಮತ್ತೆ ಚಾಟಿ.

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಗೊತ್ತಿದ್ದೂ ತಪ್ಪು ಹೇಳುವುದಾ?"

ಮಾಂಯ್ ಮೊಣಕಾಲಲ್ಲೇ ನನ್ನ ಕಡೆ ತಿರುಗಿದರು. "ಸಂತೋಷದ್ದರಲ್ಲಿ ಎಂತ ಉಂಟು ಹೇಳು ಲಿಲ್ಲಿ. ಮೊದಲನೆಯದು, ನಿನಗೆ ಮಗ ಹುಟ್ಟುತ್ತಾನೆ ಅಂತ ದೇವದೂತ ಬಂದು ಹೇಳುವುದು. ಮೂರನೆಯದು, ಮಗ ಹುಟ್ಟಿದ್ದು. ಐದನೆಯದು, ತಪ್ಪಿಹೋದ ಮಗ ದೇವಾಲಯದಲ್ಲಿ ಸಿಕ್ಕಿದ್ದು. ಮರಿಯಳಿಗೆ ಮೂರನೇ ದಿನ ಮಗ ಸಿಕ್ಕಿದ. ನನ್ನ ಮಗ ಮೂರನೇ ದಿನ ಹೋದ. ನಾನು ಅದನ್ನು ಯಾವ ಬಾಯಲ್ಲಿ ಹೇಳಲಿ?"

ಹದಿನಾಲ್ಕು ತಿಂಗಳು ನಾನು ನನ್ನ ಗಂಡ ಹೋದನೆಂದು ಅತ್ತಿದ್ದೆ. ಆ ಗಂಡನಿಗೆ ಒಬ್ಬಳು ತಾಯಿ ಇದ್ದಾಳೆ ಎಂಬುದನ್ನು ಮರೆತಿದ್ದೆ. ನಾಚಿಕೆಯಾಯಿತು.

ಆದರೆ ಟೀಚರ್ ಬಾಯಿ ಸುಮ್ಮನಿರಬೇಕಲ್ಲ? "ಅವಳ ಮಗನನ್ನೂ ಕೊಂದರಲ್ಲ ಮಾಂಯ್. ಆದರೂ ಮಂಗಳವಾರ ಆದ ಮೇಲೆ ಬುಧವಾರ ಇಟ್ಟಿದ್ದಾರೆ, ಅಲ್ವಾ? ಶಿಲುಬೆಗೇ ನಿಲ್ಲಿಸಿದರೆ ಕತೆ ಮುಗಿಯುವುದು ಹೇಗೆ?"

ಇದನ್ನು ಹೇಳಿದ್ದು ನಾನೇ ಏನು? ದೇವರೊಡನೆ ಮಾತು ಬಿಟ್ಟವಳು ದೇವರ ಪರವಾಗಿ ವಕೀಲಿ ಮಾಡುತ್ತಿದ್ದೆ, ಅದೂ ಸೌಟು ಎತ್ತಿ ಹಿಡಿದು.

ಮಾಂಯ್ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನಾನು ಮಂಗಳವಾರದಲ್ಲಿ ಆದರೂ ಇದ್ದೇನೆ ಮಾರಾಯ್ತಿ. ನೀನು ಯಾವ ವಾರದಲ್ಲಿ ಇದ್ದೀ?"

ಜಗಲಿಯಲ್ಲಿ ಗಿರಿಜಕ್ಕ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಮೂವರಿಗೂ ಗೊತ್ತಿತ್ತು.

ನಾನು ಮೊಣಕಾಲೂರಿದೆ. "ಸಂತೋಷದ್ದನ್ನು ನಾನು ಹೇಳುತ್ತೇನೆ, ನೀವು ಉತ್ತರ ಕೊಡಿ" ಎಂದೆ. ತೇರ್ಸಿನ ಪ್ರತಿ ಪ್ರಾರ್ಥನೆಗೂ ಎರಡು ಪಾಲು. ಮೊದಲ ಪಾಲನ್ನು ಒಬ್ಬರು ಹೇಳಬೇಕು, ಉಳಿದದ್ದನ್ನು ಇತರರು ಹೇಳಿ ಮುಗಿಸಬೇಕು. ನಾಲ್ಕು ರಹಸ್ಯ ಹಾಗೆಯೇ ದಾಟಿದವು. ಐದನೆಯದಕ್ಕೆ, ಮಗ ಸಿಕ್ಕಿದ ಕತೆಗೆ ಬಂದಾಗ, ಮಾಂಯ್ ಅವರ ಸ್ವರ ನಿಂತುಹೋಯಿತು. ಹತ್ತೂ ಮಣಿಗಳಿಗೆ ಎರಡೂ ಪಾಲನ್ನು ನಾನೇ ಹೇಳಿದೆ. ಗಂಟಲು ಒಣಗಿತು, ಉಸಿರು ಸಾಲಲಿಲ್ಲ.

ಹತ್ತು ಮಣಿಗೇ ಹೀಗೆ. ಎಪ್ಪತ್ತು ದಾಟಿದ ಈ ಹೆಂಗಸು ದಿನಾ ಐವತ್ತು ಮಣಿ, ತಾನೇ ಕರೆದು ತಾನೇ ಓಗೊಟ್ಟುಕೊಂಡು, ಹದಿನಾಲ್ಕು ತಿಂಗಳು ಹೇಳಿದ್ದರು. ಹತ್ತು ಹೆಜ್ಜೆ ದೂರದಲ್ಲಿ ನಾನು ಗಂಜಿ ಕಾಯುತ್ತಿದ್ದೆ. ಅತ್ತುಬಿಟ್ಟೆ. ಮಾಂಯ್ ನನ್ನ ತಲೆ ಸವರಿ, "ಸಾಕು, ಹೋಗಿ ಒಲೆ ನೋಡು. ಇವತ್ತು ನಿಜವಾಗಿ ಉಕ್ಕಿದೆ" ಎಂದರು.

ದೇವರೊಡನೆ ನನ್ನ ಜಗಳ ಮುಗಿಯಿತೇ? ಇಲ್ಲ. ಮಾತು ಶುರುವಾಗಿದೆ. ಜಗಳ ಆಡಬೇಕಾದರೂ ಮಾತು ಬೇಕಲ್ಲ?

ಬುಧವಾರ ಮಹಿಮೆಯ ರಹಸ್ಯವನ್ನು ಮಾಂಯ್ ತಾವೇ ಶುರು ಮಾಡಿದರು. ಅಭ್ಯಾಸ ತಪ್ಪಿ ಎರಡನೆಯದನ್ನು ಹಾರಿಸಿ ಮೂರನೆಯದಕ್ಕೆ ಹೋದರು. ನಾನು ತಿದ್ದಿದೆ. "ಬಾಯಿ ಮುಚ್ಚಿ ಉತ್ತರ ಹೇಳು" ಎಂದು ಬೈದರು. (ಬಾಯಿ ಮುಚ್ಚಿ ಉತ್ತರ ಹೇಳುವುದು ಹೇಗೆಂದು ಬಲ್ಲ ಓದುಗರು ದಯವಿಟ್ಟು ಬರೆದು ತಿಳಿಸಿ.)

ಕಷ್ಟ ಬಂದಾಗ ವಿಶ್ವಾಸ ಗಟ್ಟಿಯಾಗಿರಬೇಕು ಎಂದು ಪಾದ್ರಿಗಳು ಹೇಳುತ್ತಲೇ ಇರುತ್ತಾರೆ. ಇರಬೇಕು, ಸರಿ. ನನ್ನದು ಗಟ್ಟಿ ಇರಲಿಲ್ಲ. ಹದಿನಾಲ್ಕು ತಿಂಗಳು ನನ್ನ ಪಾಲನ್ನೂ ಇನ್ನೊಬ್ಬರು ಹೊತ್ತಿದ್ದರು, ಅದಕ್ಕೇ ಅದು ಬಿದ್ದುಹೋಗಲಿಲ್ಲ.

ನಿಮ್ಮ ಮನೆಯಲ್ಲಿ ಎರಡೂ ಪಾಲನ್ನು ಒಬ್ಬರೇ ಹೇಳುತ್ತಿರುವವರು ಯಾರು?