ಶನಿವಾರ ಕೆಳಗೆ, ಗುರುವಾರ ಮೇಲೆ

ಹೊಸ ಏರ್ ಪಿಸ್ತೂಲಿನಿಂದ ಮೊದಲ ದಿನ ನಾನು ಹೊಡೆದ ಅಷ್ಟೂ ಪೆಲೆಟ್‌ಗಳು ಟಾರ್ಗೆಟ್ಟಿನ ಕಪ್ಪು ವೃತ್ತವನ್ನು ಮುಟ್ಟದೆ, ಅದರ ಪಾದಕ್ಕೆ ನಮಸ್ಕಾರ ಮಾಡುವ ಹಾಗೆ ಕೆಳಗೆ ಹೋಗಿ ಬಿದ್ದವು.

ಅದು ಶನಿವಾರ. ಹೊಸ ಚಪ್ಪಲಿ ಕಚ್ಚುವ ಹಾಗೆ ಹೊಸ ಪಿಸ್ತೂಲೂ ನಾಲ್ಕು ದಿನ ಕಚ್ಚುತ್ತದೆ ಎಂದುಕೊಂಡೆ.

ನಾನು ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ನಟ್ಟು ಬೋಲ್ಟು ಸಪ್ಲೈ ಮಾಡುವವನು. ಸೈಕಲ್ಲಿಗೆ ಡಬ್ಬ ಕಟ್ಟಿಕೊಂಡು ಶುರು ಮಾಡಿದ ವ್ಯಾಪಾರ. ಕೂದಲೆಳೆಯಷ್ಟು ದಪ್ಪ ಹೆಚ್ಚಾಗಿದೆ ಅಂತ ಮೂಟೆಗಟ್ಟಲೆ ಬೋಲ್ಟ್ ವಾಪಸ್ ಕಳಿಸಿದ ಮಹಾನುಭಾವ ನಾನು. ನನ್ನ ಬುದ್ಧಿವಂತಿಕೆಯನ್ನು ನೀವು ಈ ಅಳತೆಯಲ್ಲೇ ಅಳೆಯಬೇಕು...

ಈ ಶೂಟಿಂಗ್ ಹುಚ್ಚು ಹಿಡಿಸಿದ್ದು ನಯಾಜ್. ರಾಮನಗರದಲ್ಲಿ ರೇಷ್ಮೆ ರೀಲಿಂಗ್ ಯೂನಿಟ್ ನಡೆಸುತ್ತಾನೆ. ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದಿಂದ ಏಟು ತಿಂದವರು ನಾವು.

ಕೂಟಗಲ್ ಕಡೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಅದೇ ನಮ್ಮ ಶೂಟಿಂಗ್ ಕ್ಲಬ್. ಅಲ್ಲಿ ಐವತ್ತು ದಾಟಿದವರಿಗೆ ಜೋಡಿ ಸ್ಪರ್ಧೆ ಇಟ್ಟಿದ್ದರು. ನಯಾಜ್ ನನ್ನನ್ನು ಒಂದು ಮಾತೂ ಕೇಳದೆ ಇಬ್ಬರ ಹೆಸರನ್ನೂ ಕೊಟ್ಟುಬಿಟ್ಟ.

ಇಬ್ಬರ ಪಾಯಿಂಟ್ ಕೂಡಿಸಿ ಲೆಕ್ಕ. ಅವನ ಗುರಿ ಕ್ಲಬ್ಬಿಗೇ ಗೊತ್ತು. ನನ್ನ ಗುರಿ ಗೋಡೆಗೆ ಮಾತ್ರ ಗೊತ್ತು. ನಾನು ಮುಳುಗಿದರೆ ಅವನೂ ಮುಳುಗಬೇಕು.

ನನ್ನ ಕಷ್ಟ ನೋಡಿ ಕ್ಲಬ್ಬಿನವರು ಸಲಹೆ ಕೊಟ್ಟರು. ನಮ್ಮೂರಿನಲ್ಲಿ ಸಲಹೆಗೆ ಎಂದೂ ಬರವಿಲ್ಲ.

ಒಬ್ಬರು ಹಿಡಿತ ಸರಿಯಿಲ್ಲ ಎಂದರು. ಇನ್ನೊಬ್ಬರು ಕಾಫಿ ಬಿಡಿ ಎಂದರು. ಮಾಗಡಿಯ ಕಂಟ್ರಾಕ್ಟರ್ ಒಬ್ಬರು, ಶೂಟಿಂಗಿಗೆ ಅಂತಲೇ ಬರುವ ಚಪ್ಪಟೆ ತಳದ ಶೂ ಹಾಕದವನು ಶೂಟರ್ರೇ ಅಲ್ಲ ಎಂದರು. ಕಾಫಿ ಬಿಟ್ಟೆ, ಶೂ ತಂದೆ. ತಲೆನೋವು ಬಂತು, ಕಾಲುನೋವು ಬಂತು... ಪೆಲೆಟ್ ಮಾತ್ರ ಕೆಳಗೇ.

ಕೋಚ್ ನಿವೃತ್ತ ಹವಾಲ್ದಾರರು. ನನ್ನ ಬೆನ್ನ ಹಿಂದೆ ನಿಂತು ಅವರು ಹೇಳುತ್ತಿದ್ದದ್ದು ಒಂದೇ: ಟಾರ್ಗೆಟ್ ನೋಡಬೇಡಿ, ಪಿಸ್ತೂಲಿನ ಮೂತಿಯ ಮೇಲೆ ಗುರಿಗೆ ಅಂತ ಇರುವ ಸಣ್ಣ ಕಡ್ಡಿ, ಆ ಫ್ರಂಟ್ ಸೈಟ್ ನೋಡಿ, ಟ್ರಿಗರ್ ಮೆಲ್ಲಗೆ ಒತ್ತಿ.

ನೋಡಿದೆ. ಬಹಳ ಭಕ್ತಿಯಿಂದಲೇ ನೋಡಿದೆ.

ಕೊನೆಗೆ ಕಣ್ಣಿನ ಕಡೆಗಿರುವ ಹಿಂದಿನ ಸೈಟಿನ ಸ್ಕ್ರೂ ತಿರುಗಿಸಿ ಗುರಿಯನ್ನು ಮೇಲಕ್ಕೆ ಏರಿಸಿಕೊಂಡೆ. ಒಂದೆರಡು ದಿನ ಏಟು ನಡುವಿಗೇ ಬಿತ್ತು. ಊರೆಲ್ಲ ಹೇಳಿಕೊಂಡು ಬಂದೆ. ಗುರುವಾರ ಹೋಗಿ ನೋಡಿದರೆ ಎಲ್ಲವೂ ವೃತ್ತದ ತಲೆಯ ಮೇಲೆ! ಸ್ಕ್ರೂ ಮತ್ತೆ ಇಳಿಸಿದೆ. ಶನಿವಾರ ಪುನಃ ಪಾದಕ್ಕೆ.

ವಾರ ವಾರವೂ ಇದೇ ಕಥೆ. ಗ್ರಹಚಾರ ಎಂದರೆ ನಂಬದ ನಾನು ಪಂಚಾಂಗ ತೆಗೆದು ನೋಡುವಷ್ಟಕ್ಕೆ ಬಂದಿದ್ದೆ.

ಸ್ಪರ್ಧೆ ಭಾನುವಾರ. ಹಿಂದಿನ ದಿನ ಆ ಮಾಗಡಿಯ ಕಂಟ್ರಾಕ್ಟರ್ ನಯಾಜ್‌ನನ್ನು ಪಕ್ಕಕ್ಕೆ ಕರೆದು, ನಟ್ಟು ಬೋಲ್ಟಿನವರನ್ನು ಬಿಡಿ, ನನ್ನ ಜೊತೆ ಸೇರಿಕೊಳ್ಳಿ ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ಹೆಸರು ಬದಲಾಯಿಸಲು ಸಂಜೆಯವರೆಗೆ ಟೈಮ್ ಇತ್ತು.

ನಯಾಜ್ ಸೀದಾ ನನ್ನ ಹತ್ತಿರ ಬಂದು ನಿಂತ. ಆಯಿತು, ನನ್ನ ಲೆಕ್ಕ ಚುಕ್ತಾ ಎಂದುಕೊಂಡೆ.

"ಲೇ ಸಿದ್ರಾಜು, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ."

"ಹೇಳ್ಲಾ."

"ಆ ಮೂತಿ ಮ್ಯಾಲೆ ಕುಂಕುಮ ಮೆತ್ಕೊಂಡೈತಲ್ಲ... ಅದೇ ಕಣ್ಲಾ ನಿನ್ ಗುರಿ ತಿಂತಾ ಇರೋದು."

ನಮ್ಮ ಮನೆಯವರು ಪ್ರತಿ ಶುಕ್ರವಾರ ತಕ್ಕಡಿ, ಸ್ಕೂಟರ್, ಬೀರು, ಎಲ್ಲಕ್ಕೂ ಕುಂಕುಮ ಇಡುತ್ತಾರೆ. ಪಿಸ್ತೂಲು ಬಂದ ಮೇಲೆ ಅದಕ್ಕೂ. ನೀರಿನಲ್ಲಿ ಕಲಸಿ, ಫ್ರಂಟ್ ಸೈಟಿನ ನೆತ್ತಿಗೇ ಸರಿಯಾಗಿ ಒಂದು ಬೊಟ್ಟು.

ಬೊಟ್ಟು ಒಣಗಿದರೆ ಸೈಟ್ ಅಷ್ಟು ಎತ್ತರವಾಗುತ್ತದೆ. ಅದನ್ನು ಹಿಂದಿನ ಸೈಟಿಗೆ ಸಮ ಮಾಡಲು ನಾನು ಮೂತಿ ಇಳಿಸುತ್ತಿದ್ದೆ, ಏಟು ಕೆಳಗೆ. ಗುರುವಾರದ ಹೊತ್ತಿಗೆ ಪಿಸ್ತೂಲಿಡುವ ಪೆಟ್ಟಿಗೆಯ ಸ್ಪಂಜಿಗೆ ಉಜ್ಜಿ ಉಜ್ಜಿ ಬೊಟ್ಟು ಸವೆದಿರುತ್ತಿತ್ತು, ನಾನು ಏರಿಸಿದ ಸ್ಕ್ರೂ ಮಾತ್ರ ಹಾಗೇ ಇರುತ್ತಿತ್ತು, ಏಟು ಮೇಲೆ.

ಕೂದಲೆಳೆ ದಪ್ಪದ ಮಹಾನುಭಾವನಿಗೆ ಇದು ಕಾಣಲಿಲ್ಲ.

ಯಾವತ್ತಿನಿಂದ ಗೊತ್ತು ಎಂದು ಕೇಳಿದೆ. ಮೊದಲನೇ ದಿನವೇ ಅಂದ.

"ನಿಮ್ಮನೆ ದೇವ್ರ ಕುಂಕುಮ. ನಾನ್ ಬಂದು ಒರಸ್ಕೋ ಅಂದ್ರೆ ಏನ್ ಚೆಂದ ಹೇಳು? ನೀನೇನೋ ನಗಾಡ್ಬುಡ್ತೀಯ, ಅಕ್ಕ ನೊಂದ್ಕೊಂಡ್ರೆ?"

ಕೋಚ್ ಸಾಹೇಬರು ಅದನ್ನು ಪೇಂಟ್ ಎಂದುಕೊಂಡಿದ್ದರಂತೆ. ಕೆಲವರು ಗುರುತಿಗೆ ಅಂತ ಹಚ್ಚುತ್ತಾರಂತೆ.

ಇನ್ನು ಒರೆಸುವವರು ಯಾರು? ನಾನು ಕೈ ಹಾಕಲಿಲ್ಲ, ಅವನಂತೂ ಹಾಕಲಿಲ್ಲ. ಕೈಯಲ್ಲಿ ಪಿಸ್ತೂಲಿದ್ದ ಇಬ್ಬರು ಗಂಡಸರು ಒಂದು ಬೊಟ್ಟಿಗೆ ಹೆದರಿ ಸ್ಕೂಟರ್ ಹತ್ತಿ ನಮ್ಮ ಮನೆಗೆ ಬಂದೆವು.

ನಮ್ಮ ಮನೆಯವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೆರಗಿನ ತುದಿಯಿಂದ ಮಗುವಿನ ಮೂಗು ಒರೆಸುವ ಹಾಗೆ ಒರೆಸಿಬಿಟ್ಟರು.

"ಹಣೆ ಯಾವ್ದು ಅಂತ ತಿಳೀದೆ ಅಲ್ಲಿಟ್ಟೆ. ಹಿಡಿ ಮ್ಯಾಲಿಡು ಅಂದಿದ್ರೆ ಹಿಡಿ ಮ್ಯಾಲಿಡ್ತಿದ್ದೆ. ಇಷ್ಟ್ ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ ಇಬ್ರೂವೆ?"

ನಯಾಜ್ ಚಾವಣಿ ನೋಡಿದ. ನಾನು ನನ್ನ ದುಬಾರಿ ಶೂ ನೋಡಿಕೊಂಡೆ.

ಸಂಜೆ ಕಳೆಯಿತು. ಅವನು ಹೆಸರು ಬದಲಾಯಿಸಲು ಹೋಗಲೇ ಇಲ್ಲ.

ಭಾನುವಾರ ಸ್ಕ್ರೂ ಮೊದಲಿನ ಜಾಗಕ್ಕೆ ತಂದು ಹೊಡೆದೆ. ಎಲ್ಲವೂ ನಡುವಿಗೆ ಬಿದ್ದವು ಎಂದು ಬರೆದರೆ ನೀವು ನಂಬಲ್ಲ, ನಯಾಜ್ ಈ ಪೋಸ್ಟಿನ ಕೆಳಗೆ ಕಮೆಂಟಿನಲ್ಲಿ ಬೈಯುತ್ತಾನೆ. ಚೆದುರಿದವು; ಆದರೆ ವೃತ್ತದ ಒಳಗೇ ಚೆದುರಿದವು. ಹಾಗೆ ಚೆದುರಿದ್ದು ಅಪ್ಪಟ ನನ್ನ ಕೈಯ ತಪ್ಪಿನಿಂದ. ಅದನ್ನು ಈಗ ದೇವರ ಮೇಲಾಗಲಿ ಶೂ ಮೇಲಾಗಲಿ ಹಾಕುವಂತಿಲ್ಲ.

ಕಪ್ ಚನ್ನಪಟ್ಟಣದ ಜೋಡಿಗೆ ಹೋಯಿತು. ನಾವು ನಾಲ್ಕನೆಯವರು. ಶೂ ಸಲಹೆ ಕೊಟ್ಟ ಕಂಟ್ರಾಕ್ಟರ್ ನಮಗಿಂತ ಕೆಳಗೆ... ಇದನ್ನು ಸುಮ್ಮನೆ ಮಾಹಿತಿಗಾಗಿ ಬರೆದಿದ್ದೇನೆ.

ನೀವೇ ಹೇಳಿ: ನಮ್ಮ ಮನಸ್ಸು ನೋಯಬಾರದು ಅಂತ ವಾರಗಟ್ಟಲೆ ಬಾಯಿ ಮುಚ್ಚಿಕೊಂಡು ನಮ್ಮ ಜೊತೆ ಸೋಲಲು ರೆಡಿಯಾಗುವ ಗೆಳೆಯನನ್ನು ಬೈಯಬೇಕೋ, ಇಟ್ಟುಕೊಳ್ಳಬೇಕೋ?