ಚಾವಡಿಯಲ್ಲಿ ಟೊಮೆಟೊ

ಆ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತಮ್ಮ ದುಬೈಯಿಂದ ತಂದದ್ದು 2017ರ ಸೆಪ್ಟೆಂಬರಿನಲ್ಲಿ. ಮೇಲೆ ನಾಲ್ಕು ತೂತು, ಒಳಗೆ ನೀರು, ಆ ನೀರನ್ನು ಓಡಿಸಲು ಹೆಬ್ಬೆರಳಿನಷ್ಟು ಪಂಪು, ಮೇಲ್ಗಡೆ ಒಂದು ಲೈಟು. ಮಣ್ಣು ಬೇಡ, ಬಿಸಿಲು ಬೇಡ, ಎರಡು ಬಾಟಲಿಯ ಗೊಬ್ಬರವನ್ನು ಅಳೆದು ಹಾಕಿದರೆ ಮನೆಯೊಳಗೇ ಟೊಮೆಟೊ ಆಗುತ್ತದೆ ಎಂದ. ನಮ್ಮ ಮಂಜೇಶ್ವರದ ಕಡೆ ಮಣ್ಣಿನಲ್ಲೇ ಟೊಮೆಟೊ ನೆಟ್ಟಗೆ ಆಗುವುದಿಲ್ಲ. ಹೂ ಬಿಡುವ ಹೊತ್ತಿಗೆ ಗಿಡ ಬಾಡಿ ಮಲಗುತ್ತದೆ. ನಾವು ತಿನ್ನುವುದು ಘಟ್ಟದ ಮೇಲಿಂದ ಲಾರಿಯಲ್ಲಿ ಇಳಿದದ್ದನ್ನು. ಬರೀ ನೀರಿನಲ್ಲಿ ಆಗುತ್ತದೆಂದರೆ ನಂಬುವುದು ಹೇಗೆ? ಆದರೆ ಅವನು ಅದನ್ನು ತಂದದ್ದು ಅಮ್ಮನಿಗಾಗಿ, ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಜೂನಿನಲ್ಲಿ ಅಮ್ಮ ಬಸಳೆ ಚಪ್ಪರದ ಬುಡದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಇನ್ನು ನಡೆಯದಿದ್ದರೆ ಇವರು ಮತ್ತೆ ಏಳುವುದೇ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಕಳುಹಿಸಿದ್ದರು. ಅಮ್ಮ ನಡೆಯಲಿಲ್ಲ. ವಾಕರಿನ ಮೇಲೆ ಅವಳ ಸೀರೆ ಒಣಗುತ್ತಿತ್ತು. ನಾನು ಬೇಡಿದೆ, ಗದರಿದೆ, ಒಂದು ದಿನ ಊಟ ಬಿಟ್ಟು ಹಟ ಮಾಡಿಯೂ ನೋಡಿದೆ.

"ಕಾಲು ಬರುದಿಲ್ಲ ಮಗಳೇ" ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅಮ್ಮ ಮಾತಾಡುವುದು ತುಳು, ನಾನಿಲ್ಲಿ ಕನ್ನಡ ಮಾಡಿದ್ದೇನೆ. ಇವಳು ಮಲಗಿದಲ್ಲೇ ಹೋಗಿಬಿಡುತ್ತಾಳೆ ಎಂಬ ಹೆದರಿಕೆ ತರಗತಿಯಲ್ಲಿ ಲೆಕ್ಕ ಹೇಳಿಕೊಡುವಾಗಲೂ ನನ್ನನ್ನು ಬಿಡುತ್ತಿರಲಿಲ್ಲ.

ಪೆಟ್ಟಿಗೆಗೆ ಬೀಜ ಹಾಕಿ, ಅಮ್ಮನ ಮಂಚದಿಂದ ಕಾಣುವಂತೆ ಚಾವಡಿಯ, ಅಂದರೆ ನಡುಮನೆಯ, ಮೂಲೆಯಲ್ಲಿಟ್ಟೆವು. ಮೊದಲ ದಿನ ಲೈಟು ತಾನಾಗಿ ಹೊತ್ತಿಕೊಂಡಾಗ ಅಮ್ಮ, "ಇದೆಂತದು, ಗಿಡಗಳ ಆಸ್ಪತ್ರೆಯಾ?" ಎಂದಳು. ನಾನು ಬಾಟಲಿಗಳನ್ನು ತೋರಿಸಿ ವಿವರಿಸಿದೆ.

"ಬರೇ ನೀರು ಕುಡಿಸಿ ಮಲಗಿಸ್ಲಿಕ್ಕೆ ಅದು ಎಂತ ತಪ್ಪು ಮಾಡಿದೆ?" ಎಂದು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದಳು.

ತಮ್ಮ ವಾಪಸು ಹೋದ. ಗಿಡ ಮಾತ್ರ ನನ್ನನ್ನು ಸುಳ್ಳು ಮಾಡಿ ಎದ್ದು ಬಂತು. ನವೆಂಬರಿನಲ್ಲಿ ಹಳದಿ ಹೂ ಬಿಟ್ಟಿತು. ಮನೆಯೊಳಗೆ ಜೇನ್ನೊಣ ಬರುವುದಿಲ್ಲ, ಹೂವನ್ನು ನಾವೇ ಅಲ್ಲಾಡಿಸಬೇಕೆಂದು ತಮ್ಮ ಫೋನಿನಲ್ಲಿ ಹೇಳಿದ. ಶಾಲೆಗೆ ಹೊರಡುವ ಮುಂಚೆ ಪೆನ್ಸಿಲಿನಿಂದ ಮೆಲ್ಲ ತಟ್ಟುತ್ತಿದ್ದೆ. ನನ್ನ ಅವಸ್ಥೆಗೆ ನನಗೇ ನಗು ಬರುತ್ತಿತ್ತು.

ಹೂ ಉದುರಿದವು. ಎಲೆ ಹಳದಿಯಾಯಿತು. ಪೆಟ್ಟಿಗೆಯಿಂದ ಎಂಥದೋ ಕೆಟ್ಟ ವಾಸನೆ. ನೀರು ಬದಲಿಸಿದರೆ ಎರಡೇ ದಿನಕ್ಕೆ ಮತ್ತೆ ಕಲಕು. ಬಾವಿ ನೀರಿನಲ್ಲಿ ಉಪ್ಪು ಇರಬಹುದೆಂದು ನೀರು ಕುದಿಸಿ ಆರಿಸಿ ಹಾಕಿದೆ. ಗೊಬ್ಬರ ಹೆಚ್ಚಾಯಿತೆಂದು ಕಡಿಮೆ ಮಾಡಿದೆ, ಕಡಿಮೆಯಾಯಿತೆಂದು ಹೆಚ್ಚು ಮಾಡಿದೆ. ಕರೆಂಟು ಹೋದದ್ದಕ್ಕೂ ಬೈದೆ. ಎತ್ತ ಯೋಚಿಸಿದರೂ ತಲೆಬುಡ ಗೊತ್ತಾಗಲಿಲ್ಲ. ಕೊನೆಗೆ ಪಂಪು ನಿಂತಿತು. ಬಿಚ್ಚಿದರೆ ಅದರ ಬಾಯಲ್ಲಿ ಸಿಕ್ಕಿಕೊಂಡದ್ದು ಮೀನಿನ ಹುರುಪೆ.

ನಮ್ಮಲ್ಲಿ ಮೀನು ತೊಳೆದ ನೀರನ್ನು ಸುಮ್ಮನೆ ಚೆಲ್ಲುವುದಿಲ್ಲ. ಅದು ಬಸಳೆಯ ಬುಡಕ್ಕೆ, ಕರಿಬೇವಿನ ಬುಡಕ್ಕೆ. ನಾನಿಲ್ಲದಾಗ ಅಮ್ಮನಿಗೆ ಜೊತೆಯಾಗಿ ನೆರೆಮನೆಯವಳೊಬ್ಬಳು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂರುತ್ತಿದ್ದಳು, ಮೀನು ಮಾಡಿಕೊಡುತ್ತಿದ್ದವಳೂ ಅವಳೇ. ಬೇರೆ ಯಾರು? ಕೇಳಿಯೇಬಿಟ್ಟೆ, ಸ್ವಲ್ಪ ಜೋರಾಗಿಯೇ.

"ದೇವರಾಣೆ ಇಲ್ಲ ಟೀಚರೇ. ಆ ಲೈಟು ಕಂಡ್ರೇ ನನಗೆ ಹೆದರಿಕೆ. ನೀರನ್ನು ಚೆಲ್ಬೇಡ, ಚೆಂಬಿನಲ್ಲಿ ಇಡು ಅಂತ ಅಮ್ಮ ಹೇಳ್ತಾರೆ, ಇಡ್ತೇನೆ. ಮತ್ತೆ ನನಗೆ ಗೊತ್ತಿಲ್ಲ" ಎಂದು ಕಣ್ಣೊರೆಸಿಕೊಂಡಳು. ನಾನು ನಂಬಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅದೇ ವಾರ ವಿದ್ಯಾರ್ಥಿಗಳ ಸಮರ, ಅಂದರೆ ಮುಷ್ಕರ, ಎಂದು ಹನ್ನೊಂದು ಗಂಟೆಗೇ ಶಾಲೆ ಬಿಟ್ಟರು. ಮನೆಗೆ ಬಂದರೆ ಜಗಲಿಯಲ್ಲಿ ಅವಳು ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದಳು. ಚಪ್ಪಲಿ ಕಳಚುತ್ತಾ ಕಿಟಕಿಯಿಂದ ಒಳಗೆ ನೋಡಿದೆ. ಅಡುಗೆಮನೆಯ ಬಾಗಿಲಿನಿಂದ ಅಮ್ಮ ಬರುತ್ತಿದ್ದಳು. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಚೆಂಬು. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ತುಟಿ ಕಚ್ಚುವುದು, ಮತ್ತೊಂದು ಹೆಜ್ಜೆ. ಕೂಗಿದರೆ ಬೆಚ್ಚಿ ಬಿದ್ದಾಳು. ಕೂಗದಿದ್ದರೂ ಬೀಳಬಹುದು. ಒಂದು ಕಾಲಿನಲ್ಲಿ ಚಪ್ಪಲಿ ಹಾಗೇ ಇತ್ತು, ನಾನು ಅಲ್ಲೇ ನಿಂತೆ. ಅವಳು ಪೆಟ್ಟಿಗೆಯ ತೂತಿಗೆ ನೀರು ಹೊಯ್ದು, ಬಾಡಿದ ಎಲೆಯೊಂದನ್ನು ಚಿವುಟಿ, ಬಂದ ಹಾಗೆಯೇ ಮಂಚಕ್ಕೆ ಹೋಗಿ ಕುಳಿತಳು.

ಒಳಗೆ ಹೋದವಳಿಗೆ ಅಳು ಬಂತು, ಸಿಟ್ಟೂ ಬಂತು. ಬಾಯಿಂದ ಹೊರಟದ್ದು ಸಿಟ್ಟು.

"ಐದು ತಿಂಗಳು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ನನಗಾಗಿ ಏಳ್ಲಿಲ್ಲ, ಆ ಗಿಡಕ್ಕೆ ಎದ್ದೆಯಲ್ಲ ಅಮ್ಮ?"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನಿನಗೆ ಹಸಿವಾದ್ರೆ ನೀನು ಬಡಿಸಿಕೊಂಡು ತಿಂತಿ. ಅದಕ್ಕೆ ಯಾರುಂಟು?"

ಇದು ನನ್ನನ್ನು ಹೊಗಳಿದ್ದೋ ದೂರಿದ್ದೋ ಇವತ್ತಿಗೂ ತಿಳಿದಿಲ್ಲ. ಮೀನಿನ ನೀರು ಆ ಗಿಡವನ್ನು ಕೊಲ್ಲುತ್ತಿದೆ ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಜಗಲಿಗೆ ಹೋಗಿ ನೆರೆಮನೆಯವಳ ಹತ್ತಿರ ತಪ್ಪಾಯಿತು ಎಂದೆ.

ಮರುದಿನ ಗೇಟಿನ ಹತ್ತಿರ ಮೀನಿನವನ ಹಾರ್ನ್ ಕೇಳಿದಾಗ ಒಂದು ಕಿಲೋ ಬೂತಾಯಿ ತೆಗೆದುಕೊಂಡೆ. ಪೆಟ್ಟಿಗೆಯನ್ನು ಎತ್ತಿ ಚಾವಡಿಯ ಆಚೆ ತುದಿಗೆ, ಮುಂಬಾಗಿಲಿನ ಪ್ಲಗ್ಗಿನ ಹತ್ತಿರ ಇಟ್ಟೆ.

"ಅಮ್ಮನಿಗೆ ದೂರ ಆಗ್ತದಲ್ಲಾ ಟೀಚರೇ?" ಎಂದಳು ನೆರೆಮನೆಯವಳು.

ಆಗಲಿ ಎಂದೆ.